ಹಗ್ಗ ಹಿಡಿದವರ ಪಾಲು

ನಮ್ಮ ಮನೆಯ ಹಿತ್ತಲಲ್ಲಿ ಬಾವಿಕಟ್ಟೆಯ ಕಂಬದಿಂದ ನುಗ್ಗೆಮರದವರೆಗೆ ಬಟ್ಟೆ ಒಣಗಿಸುವ ಹಗ್ಗವೊಂದಿದೆ. ಹೆಬ್ಬೆರಳಿನಷ್ಟು ದಪ್ಪ. ನೋಡಿದವರೆಲ್ಲ, "ಇದೇನು ಮಾಸ್ತರೇ, ಸೀರೆ ಒಣಗಿಸುತ್ತೀರೋ, ಹಡಗು ಕಟ್ಟುತ್ತೀರೋ?" ಎಂದು ಕೇಳಿಯೇ ಕೇಳುತ್ತಾರೆ. ನನ್ನ ಹೆಂಡತಿಗೂ ಅದನ್ನು ಕಂಡರಾಗದು. ಕ್ಲಿಪ್ಪು ಅದರ ಮೇಲೆ ಕೂರುವುದಿಲ್ಲ, ಮಳೆಗಾಲದಲ್ಲಿ ಒದ್ದೆಯಾದರೆ ಕಡಲ ವಾಸನೆ ಹೊಡೆಯುತ್ತದೆ. ಪೇಟೆಯಿಂದ ಒಂದು ನೈಲಾನ್ ಹಗ್ಗ ತನ್ನಿ ಎಂದು ಅವಳು ಹೇಳುವುದು, ಪೇಟೆಗೆ ಹೋದ ನಾನು ಮರೆತು ಬರುವುದು, ಇದು ನಮ್ಮ ದಾಂಪತ್ಯದ ಖಾಯಂ ಕಾರ್ಯಕ್ರಮ. ಮರೆವು ಸುಳ್ಳು. ನಿಮಗೆ ಹೇಳುತ್ತಿದ್ದೇನೆ, ಅವಳ ಕಿವಿಗೆ ಹಾಕಬೇಡಿ. ಆ ಹಗ್ಗ ನಾನು ಕೊಂಡದ್ದಲ್ಲ. ವಿಶ್ವ ಮಾನವ ಹಕ್ಕುಗಳ ಘೋಷಣೆಗೆ ಅರವತ್ತು ತುಂಬಿದ್ದಕ್ಕೆ ನನಗೆ ಸಿಕ್ಕ ಪಾಲು ಅದು.

ಮನುಷ್ಯನಿಗೆ ಅರವತ್ತಾದರೆ ಶಾಂತಿ ಮಾಡಿಸುತ್ತಾರೆ. ನೌಕರನಿಗೆ ಅರವತ್ತಾದರೆ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಘೋಷಣೆಗೆ ಅರವತ್ತಾದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಸುತ್ತೋಲೆ ಬಂತು. ಎರಡು ಸಾವಿರದ ಎಂಟನೆಯ ಇಸವಿಯ ಮಾತು. ನಾನಾಗ ಕಾರವಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ದಿನವೂ ಅಂಕೋಲೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪಾಠ ಹೇಳುವುದು ಕಸುಬಾದರೂ ಜಿಲ್ಲೆಯಲ್ಲಿ ನನ್ನನ್ನು ಬಲ್ಲವರು ಬಲ್ಲದ್ದು ನನ್ನ ಗಂಟಲನ್ನು. ಸರಕಾರ ಯಾವ ದಿನವನ್ನು ಆಚರಿಸಿದರೂ ಮೈಕಿನ ಮುಂದೆ ನಾನಿರಬೇಕು. ಹೊಗೆಸೊಪ್ಪಿಗೊಂದು ದಿನ, ನೀರಿಗೊಂದು ದಿನ, ಗ್ರಾಹಕನಿಗೊಂದು ದಿನ, ಮುದುಕರಿಗೊಂದು ದಿನ. ಎಲ್ಲಕ್ಕೂ ನನ್ನ ಬಳಿ ಇದ್ದದ್ದು ಒಂದೇ ಭಾಷಣ. ದಿನದ ಹೆಸರು ಬದಲಾಯಿಸಿದರೆ ಸಾಕು, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತಿತ್ತು. ಈ ಅಭ್ಯಾಸಬಲದಿಂದಲೇ ಒಮ್ಮೆ ತುಂಬಿದ ಸಭೆಗೆ ಏಡ್ಸ್ ದಿನಾಚರಣೆಯ ಹಾರ್ದಿಕ ಶುಭಾಶಯ ಕೋರಿದ್ದೆ. ಸಭೆ ಚಪ್ಪಾಳೆ ತಟ್ಟಿತು. ಯಾರೂ ಕೇಳಿಸಿಕೊಂಡಿರಲಿಲ್ಲ ಎಂಬ ಸಮಾಧಾನ ನನಗೆ ಇವತ್ತಿಗೂ ಇದೆ.

ಸರಕಾರಕ್ಕೆ ದಿನಾಚರಣೆಯ ವಿಷಯದಲ್ಲಿ ಒಂದು ವಿಚಿತ್ರ ಪ್ರಾಮಾಣಿಕತೆ ಇರುತ್ತದೆ. ಯಾರ ದಿನವೋ ಅವರಿಗೆ ಅವತ್ತು ಬಿಡುವು ಕೊಡುವುದಿಲ್ಲ. ಮಕ್ಕಳ ದಿನದಂದು ಮಕ್ಕಳು ಮಂತ್ರಿಗಳ ಕಾರು ಬರುವವರೆಗೆ ಬಿಸಿಲಲ್ಲಿ ನಿಲ್ಲಬೇಕು. ಮಹಿಳೆಯರ ದಿನದಂದು ಮಹಿಳೆಯರು ನಸುಕಿನಲ್ಲೆದ್ದು ರಂಗೋಲಿ ಹಾಕಿ, ಸ್ವಾಗತಗೀತೆ ಹಾಡಿ, ಉಪ್ಪಿಟ್ಟು ಬಡಿಸಿ, ಆಮೇಲೆ ತಮ್ಮ ಸ್ವಾತಂತ್ರ್ಯದ ಬಗ್ಗೆ ಗಂಡಸರಿಂದ ತಿಳಿದುಕೊಳ್ಳಬೇಕು. ಮಾನವ ಹಕ್ಕುಗಳ ದಿನವಾದರೆ ಇನ್ನೂ ಚೆನ್ನ. ಹಿಂದಿನ ವರ್ಷಗಳಲ್ಲೆಲ್ಲ ಅದು ಕಾರವಾರದ ಒಂದು ಸಭಾಭವನದಲ್ಲಿ ನಡೆಯುತ್ತಿತ್ತು. ಮನುಷ್ಯ ಸ್ವತಂತ್ರನಾಗಿ ಹುಟ್ಟಿದ್ದಾನೆ ಎಂದು ನೆನಪಿಸುವ ಆ ಸಮಾರಂಭದ ಆಮಂತ್ರಣದ ಕೆಳಗೆ, ಹಾಜರಾತಿ ಕಡ್ಡಾಯ, ತಪ್ಪಿದರೆ ಶಿಸ್ತುಕ್ರಮ ಎಂಬ ಸಾಲು ಇರುತ್ತಿತ್ತು. ಭವನದ ಶೌಚಾಲಯಕ್ಕೆ ಗಣ್ಯರು ಬರುವ ತನಕ ಬೀಗ. ಪ್ರತಿಜ್ಞೆ ಬೋಧಿಸುವಾಗ ಸಭಿಕರ ಮುಖದಲ್ಲಿ ಕಾಣುತ್ತಿದ್ದ ತೀವ್ರತೆಗೆ ಆ ಬೀಗವೇ ಕಾರಣವೆಂದು ನನ್ನ ಅಂದಾಜು.

ಈಗ ಹಗ್ಗಕ್ಕೆ ಬರುತ್ತೇನೆ. ಬರಬೇಕಾದರೆ ನನ್ನ ಬಾಲ್ಯವನ್ನು ದಾಟಿಯೇ ಬರಬೇಕು, ಬೇರೆ ದಾರಿಯಿಲ್ಲ.

ನಾನು ಹುಟ್ಟಿ ಬೆಳೆದದ್ದು ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ. ಅಪ್ಪ ದೇವಸ್ಥಾನದ ಅರ್ಚಕ. ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸಬೇಕು. ಆದರೆ ಮನೆಯ ಹಿಂದಿನ ಗದ್ದೆ ದಾಟಿ, ಗಾಳಿಮರಗಳ ಸಾಲು ದಾಟಿದರೆ ಕಡಲು. ಚಳಿಗಾಲದ ಬೆಳಿಗ್ಗೆ ಅಲ್ಲಿಂದ ಒಂದು ಕೂಗು ಎದ್ದಿತೆಂದರೆ ರಂಪಣಿ ಬಲೆ ದಡಕ್ಕೆ ಬರುತ್ತಿದೆ ಎಂದರ್ಥ. ರಂಪಣಿ ಎಂದರೆ ಕಡಲಿನ ಒಂದು ತುಂಡನ್ನೇ ಸುತ್ತುವರಿಯುವ ದೊಡ್ಡ ಬಲೆ. ಅದರ ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಅದಕ್ಕೊಂದು ಕಾಯ್ದೆ ಇತ್ತು. ಯಾರೂ ಬರೆದದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು ಉಂಟು. ಅವನು ಯಾರ ಮಗ, ಯಾವ ಜಾತಿ, ಈಜು ಬರುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟಿನವನು ಸೈಕಲ್ಲು ನಿಲ್ಲಿಸಿ ನಾಲ್ಕು ಸಲ ಎಳೆದರೂ ಅವನಿಗೆ ಪಾಲು. ಬಲೆ ದಡ ಸೇರಿದ ಮೇಲೆ ಎಲ್ಲರೂ ಮರಳಿನಲ್ಲಿ ಸಾಲಾಗಿ ಕೂರಬೇಕು. ಬಲೆಯ ಯಜಮಾನ ತಾಂಡೇಲ ಬಂದು ಹಂಚುತ್ತಾನೆ. ಹಂಚಿ ಮುಗಿಯುವ ತನಕ ಯಾರೂ ಏಳುವುದಿಲ್ಲ, ಗಲಾಟೆ ಮಾಡುವುದಿಲ್ಲ.

ಅರ್ಚಕರ ಮಗನಾದ ನಾನೂ ಆ ಸಾಲಿನಲ್ಲಿ ಕೂತಿರುತ್ತಿದ್ದೆ. ತಾಂಡೇಲ ನನ್ನ ಮುಂದೆಯೂ ಬಂಗಡೆ ಮೀನು ಸುರಿದು ಮುಂದೆ ಹೋಗುತ್ತಿದ್ದ. ಮಾಡುವುದೇನು? ಮನೆಗೆ ಒಯ್ದರೆ ಮೀನಿನ ಜೊತೆ ನನ್ನನ್ನೂ ಹೊರಗೆ ಹಾಕುತ್ತಾರೆ. ಅಲ್ಲೇ ಮರಳಿನ ದಿಬ್ಬದ ಮೇಲೆ ಬುದವಂತಿ ಎಂಬ ಹೊಸ ಮದುವಣಗಿತ್ತಿ ಮೀನು ಒಣಗಿಸುತ್ತಿದ್ದಳು. ನನ್ನ ಪಾಲನ್ನು ಅವಳ ಚಾಪೆಯ ಮೇಲೆ ಸುರಿದರೆ ಅವಳು ಸೆರಗಿನ ಗಂಟು ಬಿಚ್ಚಿ ಬೊಗಸೆ ತುಂಬ ಬೇಯಿಸಿದ ಶೇಂಗಾ ಕೊಡುತ್ತಿದ್ದಳು. ಉಪ್ಪುನೀರಲ್ಲಿ ಬೆಂದ ಆ ಶೇಂಗಾದ ರುಚಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮನೆಗೆ ಹೋದರೆ ಅಮ್ಮ ಮೂಗು ಮುಚ್ಚಿಕೊಂಡು, "ಯಾವ ಹೊಂಡಕ್ಕೆ ಬಿದ್ಕಂಡು ಬಂದ್ಯೋ ಮಾಣಿ?" ಎಂದು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದಳು. ಮುಷ್ಟಿಯಲ್ಲಿ ಉಳಿದ ಶೇಂಗಾ ಮಾತ್ರ ನಾನು ಬಿಡುತ್ತಿರಲಿಲ್ಲ.

ಆಮೇಲೆ ದೊಡ್ಡ ಯಂತ್ರದ ದೋಣಿಗಳು ಬಂದವು, ದೊಡ್ಡ ರಂಪಣಿ ಹೋಯಿತು. ಕೈರಂಪಣಿ ಎಂಬ ಅದರ ಸಣ್ಣ ತಮ್ಮ ಮಾತ್ರ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿತು. ಕಾಯ್ದೆಯೂ ಅದರ ಜೊತೆ ಉಳಿದಿತ್ತು. ಅದು ನನಗೆ ಮರೆತೇಹೋಗಿತ್ತು. ಇನ್ನು ಸರಕಾರಕ್ಕೆ ಗೊತ್ತಿರುವುದು ದೂರದ ಮಾತು.

ಅರವತ್ತನೆಯ ವರ್ಷದ ಸುತ್ತೋಲೆಯಲ್ಲಿ, ಸಮಾರಂಭವನ್ನು ಈ ಬಾರಿ ಸಭಾಭವನದಲ್ಲಿ ಮಾಡಕೂಡದು, ಜನಸಾಮಾನ್ಯರ ನಡುವೆ ಅರ್ಥಪೂರ್ಣವಾಗಿ ಮಾಡತಕ್ಕದ್ದು ಎಂದಿತ್ತು. ನಮ್ಮ ಜಿಲ್ಲೆಯ ಸಾಹೇಬರು ಎಳೆಯ ವಯಸ್ಸಿನ ಅಧಿಕಾರಿ, ಒಳ್ಳೆಯ ಮನುಷ್ಯರು, ಉತ್ತರದ ಕಡೆಯವರು. ಅರ್ಥಪೂರ್ಣ ಎಂಬ ಶಬ್ದವನ್ನು ಅವರು ನಿಜವೆಂದೇ ತಿಳಿದರು. ಬೊಬ್ರುವಾಡದಾಚೆ ಒಂದು ಮೀನುಗಾರರ ಕೇರಿ ನೋಡಿ ಬಂದರು. ಸೂರ್ಯ, ಕಡಲು, ಮರಳು, ಜನಸಾಮಾನ್ಯರು, ಎಲ್ಲ ಒಂದೇ ಚೌಕಟ್ಟಿನಲ್ಲಿ ಸಿಗುವ ಜಾಗ. ಅಲ್ಲೊಂದು ಮಾನವ ಹಕ್ಕುಗಳ ಶಿಲೆ ನಿಲ್ಲಿಸುವುದು, ಸುತ್ತ ಉದ್ಯಾನ, ಉದ್ಯಾನಕ್ಕೆ ದನ ಜನ ನುಗ್ಗದಂತೆ ಬೇಲಿ, ಹೀಗೆ ಯೋಜನೆ ಆಯಿತು. ಕೆಲಸದ ಹೊಣೆ ಬಿದ್ದದ್ದು ಶಿರಸ್ತೇದಾರ ಗುರುದಾಸರ ಮೇಲೆ. ಅವರು ಕಾರವಾರದ ಒಳಭಾಗದ ಹೊಳೆದಂಡೆಯ ಊರು ಕಿನ್ನರದವರು, ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಹೊಳೆಯ ಮನುಷ್ಯ, ಕಡಲಿನ ಪದ್ಧತಿ ಅವರಿಗೆ ತಿಳಿಯದು.

ಶಿಲೆ ಘಟ್ಟದ ಮೇಲಿನಿಂದ ಬಂತು. ದಾರಿಯಲ್ಲಿ ಸುಂಕಸಾಳದ ಹತ್ತಿರ ಲಾರಿಯ ಟೈರು ಒಡೆದು, ವಿಶ್ವದ ಸಮಸ್ತ ಹಕ್ಕುಗಳೂ ಒಂದು ಚಹಾದಂಗಡಿಯ ಎದುರು ಒಂದು ದಿನ ಬಿದ್ದುಕೊಂಡಿದ್ದವಂತೆ. ಕೊನೆಗೂ ತಂದು ಮರಳದಿಬ್ಬದ ಮೇಲೆ, ಕಾಂಕ್ರೀಟಿನ ಕಟ್ಟೆಗೆ ಒರಗಿಸಿ, ಮಾಡಿನ ಇಳಿಜಾರಿನಷ್ಟು ಹಿಂದಕ್ಕೆ ವಾಲುವ ಹಾಗೆ ಕೂರಿಸಿದರು. ಕನ್ನಡಿಯಂತೆ ಹೊಳೆಯುವ ಕರಿಕಲ್ಲು. ಆಳುದ್ದ, ಮಂಚದಷ್ಟು ಅಗಲ.

ಕೂರಿಸಿದ ಜಾಗ ಬುದವಂತಿಯದ್ದು. ಕಾಗದದಲ್ಲಿ ಅಲ್ಲ. ಕಾಗದದ ಪ್ರಕಾರ ಕಡಲದಂಡೆ ಯಾರದೂ ಅಲ್ಲವಾದ್ದರಿಂದ ಸರಕಾರದ್ದು. ಆದರೆ ಮದುವೆಯಾಗಿ ಬಂದಾಗಿನಿಂದ ಅವಳು ಮೀನು ಒಣಗಿಸಿದ್ದು ಅಲ್ಲೇ. ಗಂಡ ಕಡಲಿಗೆ ಹೋದವನು ಬರಲಿಲ್ಲ, ಮಕ್ಕಳಿಲ್ಲ. ಗುಡಿಸಲಿಗೆ ಅಂಗಳವೆಂಬುದು ಚಾಪೆ ಹಾಸುವಷ್ಟೂ ಇಲ್ಲ. ಚಳಿಗಾಲದಲ್ಲಿ ಒಣಗಿಸಿಟ್ಟದ್ದನ್ನು ಮಳೆಗಾಲದಲ್ಲಿ ಮನೆಮನೆಗೆ ಹೊತ್ತು ಮಾರುವುದು, ಅದರಲ್ಲಿ ವರ್ಷ ಕಳೆಯುವುದು, ಅಷ್ಟೇ ಅವಳ ಬದುಕು. ಈಗ ಗಣ್ಯರ ಮೂಗಿನ ದೃಷ್ಟಿಯಿಂದ ಒಂದು ವಾರ ಮೀನು ಒಣಗಿಸಬಾರದು ಎಂದು ಅಪ್ಪಣೆಯಾಗಿತ್ತು. ಸಮಾರಂಭ ಮುಗಿದ ಮೇಲೆ ಬೇಲಿ ಬರುವುದಿತ್ತು.

ಕಾರ್ಯಕ್ರಮದ ಮುಂಚಿನ ದಿನ ಮೈಕಿನ ಪರೀಕ್ಷೆಗೆಂದು ಹೋಗಿದ್ದೆ. ಮುದುಕಿ ಬಂದು ನನ್ನ ಮುಖವನ್ನೇ ನೋಡಿದಳು.

"ಭಟ್ರ ಮಾಣಿ ಅಲ್ವೋ ನೀವು? ಬಂಗಡೆ ಕೊಟ್ಟು ಶೇಂಗಾ ತಿಂದವ್ರು?"

ತಲೆಯೆಲ್ಲ ನರೆತವನನ್ನು ಮಾಣಿ ಎಂದು ಕರೆಯುವವರು ಇನ್ನೂ ಒಬ್ಬರು ಉಳಿದಿದ್ದಾರಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಹೌದೆಂದೆ.

"ಹಂಗಾರೆ ನಂದೊಂದ್ ಮಾತು ಹೇಳ್ರಾ ಮಾಸ್ತರೆ. ಮೈಕ್ ಹಿಡ್ಯೂರು ನೀವೇ ಅಂಬ್ರು. ಕಲ್ಲು ನಿಲ್ಲಿಸ್ಲಿ, ಬ್ಯಾಡ ಅಂಬುದಿಲ್ಲ. ಬೇಲಿ ಹಾಕಿರೆ ನಾ ಮೀನು ಎಲ್ಲಿ ಒಣಗ್ಸೂದು? ಮಳೆಗಾಲಕ್ಕೆ ಎಂತ ಮಾರೂದು?"

"ನಾನು ಬರೀ ನಿರೂಪಕ, ಬುದವಂತಕ್ಕ. ಮುಂದೆ ಯಾರು ಮಾತಾಡುತ್ತಾರೆಂದು ಹೇಳುವವನು. ಮಾತಾಡುವವನಲ್ಲ" ಎಂದೆ.

"ಇಷ್ಟ್ ದೊಡ್ಡ ಗಂಟಲು ಇಟ್ಕಂಡು ಬರೀ ಹೆಸ್ರು ಕೂಗೂದಾ?" ಎಂದಳು. ಬೈಗುಳವಲ್ಲ, ನಿಜವಾಗಿ ಮರುಗಿದಳು. ನನಗೆ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಮೈಕಿನ ಹುಡುಗರು ‘ಹಲೋ ಹಲೋ’ ಎಂದು ಕರೆದದ್ದರಿಂದ ಬಚಾವಾದೆ.

ಮರುದಿನ ಕೇರಿ ಗುರುತು ಸಿಗದಂತಾಗಿತ್ತು. ಪೆಂಡಾಲು, ಕೆಂಪು ಹಾಸು, ಪ್ಲಾಸ್ಟಿಕ್ ಹೂವಿನ ಕಮಾನು. ಕಡಲ ಗಾಳಿಗೆ ದೀಪ ನಿಲ್ಲುವುದಿಲ್ಲವೆಂದು ಗುರುದಾಸರು ದೀಪಸ್ತಂಭಕ್ಕೆ ಸಣ್ಣ ಬಲ್ಬುಗಳನ್ನು ಕೂರಿಸಿದ್ದರು. ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿ. ಅನಾವರಣದಲ್ಲಿ ಹೊಸತನ ಇರಬೇಕೆಂಬುದು ಸಾಹೇಬರ ಆಸೆ. ಗಣ್ಯರು ಗುಂಡಿ ಒತ್ತುವುದು, ರಿಬ್ಬನ್ನು ಕತ್ತರಿಸುವುದು ಹಳೆಯದಾಯಿತು. ಜನರೇ ಹಗ್ಗ ಎಳೆದು ತಮ್ಮ ಹಕ್ಕುಗಳ ಮೇಲಿನ ಪರದೆ ಸರಿಸಲಿ, ಅತಿಥಿಗಳು ಜೊತೆಗೆ ಕೈ ಹಚ್ಚಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದರು. ರೇಷ್ಮೆಯ ಹಗ್ಗ ಹುಡುಕುತ್ತಿದ್ದ ಗುರುದಾಸರಿಗೆ, ಮೀನುಗಾರರ ಹಗ್ಗವೇ ಇದ್ದರೆ ಇನ್ನೂ ಅರ್ಥಪೂರ್ಣ ಎಂದು ಹೇಳಿದ್ದೂ ಸಾಹೇಬರೇ. ಹಾಗಾಗಿ ಕೇರಿಯ ತಾಂಡೇಲ ಸೋಮಜ್ಜನ ಕೈರಂಪಣಿಯ ಹಗ್ಗ ಬಂತು. ಪರದೆ ಗಾಳಿಗೆ ಹಾರಿ ಮುಂಚೆಯೇ ಎಲ್ಲ ಬಯಲಾಗಬಾರದೆಂದು ಗುರುದಾಸರು ಅದನ್ನು ಪೆಂಡಾಲಿನ ಎರಡು ಕಂಬಗಳಿಗೆ ಬಿಗಿಯಾಗಿ ಕಟ್ಟಿಸಿದ್ದರು.

ನಾನು ಗಂಟಲು ಸರಿಮಾಡಿಕೊಂಡು, ನನ್ನ ಅತ್ಯುತ್ತಮ ದನಿಯಲ್ಲಿ, "ಬನ್ನಿ ಬಂಧುಗಳೇ, ಇದು ನಿಮ್ಮ ಹಗ್ಗ, ಇದು ನಿಮ್ಮ ಹಕ್ಕು, ಎಲ್ಲರೂ ಕೈ ಹಾಕಿ" ಎಂದು ಕರೆಕೊಟ್ಟೆ. ಫೋಟೋಕ್ಕೆ ಹತ್ತಾರು ಜನ ಬಂದಾರು ಎಂದು ನಮ್ಮ ಲೆಕ್ಕ. ಕೇರಿಗೆ ಕೇರಿಯೇ ಎದ್ದು ಬಂತು. ಮುದುಕರು ಬಂದರು, ಕಂಕುಳ ಕೂಸಿನ ಸಮೇತ ಹೆಂಗಸರು ಬಂದರು, ಕೋಲೂರಿಕೊಂಡು ಬಂದವನು ಕೋಲು ಎಸೆದು ಹಗ್ಗ ಹಿಡಿದ. ಎಲ್ಲರ ಮುಂದೆ ಬುದವಂತಿ. ಒಂದು ಕೈಯಲ್ಲಿ ಮೈಕು ಹಿಡಿದ ನಾನು, ಬಾಲ್ಯದ ಚಾಳಿ, ಇನ್ನೊಂದು ಕೈಯನ್ನು ಹಗ್ಗಕ್ಕೆ ಹಾಕಿಯೇಬಿಟ್ಟೆ.

ಸೋಮಜ್ಜ ಕೂಗು ಹಾಕಿದ. ಸಾಲು ಒಂದೇ ಮೈಯಾಗಿ ಹಿಂದಕ್ಕೆ ವಾಲಿತು. ಅವರು ಎಳೆದು ಗೊತ್ತಿದ್ದದ್ದು ಕಡಲನ್ನು; ಅದೇ ಅಳತೆಯಲ್ಲಿ ಎಳೆದರು. ಪರದೆ ಬಂತು. ಪರದೆಯ ಜೊತೆ ಕಂಬ ಬಂತು, ಕಂಬದ ಜೊತೆ ಪೆಂಡಾಲಿನ ಒಂದು ಮಗ್ಗುಲು ಬಂತು, ‘ಸರ್ವರಿಗೂ ಸ್ವಾಗತ’ ಎಂಬ ಬ್ಯಾನರು ಬಂದು ಮುಖ್ಯ ಅತಿಥಿಗಳ ಹೆಗಲ ಮೇಲೆ ಶಾಲಿನಂತೆ ಕೂತಿತು. ಶಿಲೆ ಮಾತ್ರ ಅಲ್ಲಾಡದೆ ಬಿಸಿಲಿಗೆ ಹೊಳೆಯುತ್ತ ನಿಂತಿತ್ತು.

ನಂತರ ನಡೆದದ್ದು ನನ್ನ ನಿರೂಪಣೆಯ ಜೀವನದಲ್ಲೇ ಮೊದಲು. ಜನ ಚದುರಲಿಲ್ಲ. ಮರಳಿನ ಮೇಲೆ ಸಾಲುಸಾಲಾಗಿ, ತುಟಿ ಪಿಟ್ಟೆನ್ನದೆ ಕೂತುಬಿಟ್ಟರು. ಪೆಂಡಾಲು ಇದ್ದ ಮಟ್ಟಿಗೆ ಎತ್ತಿ ಕಟ್ಟಿದರು, ಭಾಷಣಗಳು ಶುರುವಾದವು. ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು, ಬಿಸಿಲು ನೆತ್ತಿಗೆ ಬಂತು. ಒಬ್ಬರೂ ಏಳಲಿಲ್ಲ. ಎಲ್ಲರ ಕಣ್ಣೂ ವೇದಿಕೆಯ ಮೇಲೆ. ಮುಖ್ಯ ಅತಿಥಿಗಳು ಬರೆದು ತಂದ ಭಾಷಣವನ್ನು ಮಡಚಿಟ್ಟರು. ಹಕ್ಕುಗಳ ಬಗ್ಗೆ ಇಷ್ಟೊಂದು ಜಾಗೃತರಾದ ಜನರನ್ನು ರಾಜ್ಯದಲ್ಲಿ ಬೇರೆಲ್ಲೂ ಕಂಡಿಲ್ಲವೆಂದರು. ಸಾಹೇಬರ ಮುಖ ಅರಳಿತು. ಆ ಕೂತ ಭಂಗಿಯನ್ನು ಮಾತ್ರ ನಾನು ಎಲ್ಲೋ ನೋಡಿದ್ದೆ.

ವಂದನಾರ್ಪಣೆ ಮುಗಿಯಿತು, ರಾಷ್ಟ್ರಗೀತೆಗೆ ಎದ್ದರು, ಮುಗಿದ ಕೂಡಲೇ ಮತ್ತೆ ಕೂತರು. ಆಗ ಸೋಮಜ್ಜ ಮುಂದೆ ಬಂದು ಕೈಮುಗಿದ.

"ಸಾಯೇಬ್ರೆ, ಹೊತ್ತಾತು. ಪಾಲು ಹಂಚೂಕೆ ಆಗ್ಬೋದಾ?"

ಅತಿಥಿಗಳು ನನ್ನತ್ತ ನೋಡಿದರು. ಹಗ್ಗದ ಕಾಯ್ದೆಯನ್ನು ನಾನು ಕಿವಿಯಲ್ಲಿ ವಿವರಿಸಿದೆ. ವಿವರಿಸುತ್ತಿದ್ದಂತೆ ಗುರುದಾಸರ ಮುಖ ಬಿಳಿಚಿಕೊಂಡಿತು. ಅವರ ಬಳಿ ಇದ್ದದ್ದು ಆಹ್ವಾನಿತರಿಗೆಂದು ತಂದ ಊಟದ ಪೊಟ್ಟಣ ಮಾತ್ರ. ಲಾಡು ಮುರಿದು ಹಂಚಲು ನೋಡಿದರು. ಸೋಮಜ್ಜ ಬಹಳ ಮರ್ಯಾದೆಯಿಂದ ಅಡ್ಡಬಂದ. "ಬಲೆಗೆ ಬಿದ್ದದ್ದೇ ಹಂಚ್ಬೇಕು ಸಾಯೇಬ್ರೆ. ಹೊರ್ಗಿಂದ ತಂದು ಕೊಟ್ಟಿರೆ ಅದು ದಾನ ಆತದೆ. ಪಾಲು ಆತಿಲ್ಲ."

"ಬಲೆಗೆ ಬಿದ್ದದ್ದು ಕಲ್ಲಲ್ಲವೇ?" ಎಂದು ಅತಿಥಿಗಳು ನಕ್ಕರು.

ಬುದವಂತಿ ಎದ್ದು ನಿಂತಳು. "ಕಲ್ಲು ಹಂಚೂಕೆ ಬತ್ತಿಲ್ಲ, ಗೊತ್ತದೆ. ಕಲ್ಲಿನ ಸುತ್ತಿನ ಮರಳು ಅದೆ ಅಲ್ರಾ? ನಂಗೆ ನಾ ಮೀನು ಒಣಗ್ಸೂ ಜಾಗ ಕೊಟ್ಟಿರೆ ಸಾಕು. ಬೇಲಿ ಹಾಕೂದು ಬ್ಯಾಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅತಿಥಿಗಳೂ ತಟ್ಟಿದರು. ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಮೈಕು ತೆಗೆದುಕೊಂಡು, ತಾಯಿಯ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಲಿದ್ದಾರೆ ಎಂದರು. ಕಾರು ಹೊರಟಿತು. "ಎಂತ ಹೇಳಿರು?" ಎಂದು ಸೋಮಜ್ಜ ನನ್ನನ್ನು ಕೇಳಿದ. ಅಷ್ಟು ವರ್ಷ ಆ ಭಾಷೆಯನ್ನೇ ಉಂಡು ಬೆಳೆದ ನಾನು, "ಇವತ್ತು ಪಾಲಿಲ್ಲ ಅಂದರು" ಎಂದು ಅನುವಾದಿಸಿದೆ.

"ಹಾಂಗೋ" ಎಂದ ಸೋಮಜ್ಜ. ಹಗ್ಗ ಸುತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಯಾರೂ ಬೈಯಲಿಲ್ಲ. ಎದ್ದು, ಸೀರೆಯ ಮರಳು ಕೊಡವಿಕೊಂಡು ಮನೆಗೆ ಹೋದರು. ಬುದವಂತಿ ಮಾತ್ರ ಸ್ವಲ್ಪ ಹೊತ್ತು ಕಲ್ಲಿನ ನೆರಳಲ್ಲಿ ಕೂತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಗುರುದಾಸರ ಫೋನು ಬಂತು. "ಅರೇ ಮಾಸ್ತರ, ಕಿತೇಂ ಸಾಂಗೂಂ, ಏನು ಹೇಳಲಿ! ಬೇಲಿಯ ಸಾಮಾನು ತಂದ ಲಾರಿ ಮರಳಲ್ಲಿ ಹೂತು ಹೋಯ್ತು ಮರೇ. ಭರತ ಏರ್ತಾ ಇದೆ, ಕಡಲು ಮೇಲೆ ಬರ್ತಾ ಇದೆ. ಈ ಜನ ನೋಡ್ತಾ ಕೂತಿದ್ದಾರೆ, ಒಬ್ರೂ ಕೈ ಹಾಕೂದಿಲ್ಲ. ನೀವು ಬಂದು ಒಂದು ಮಾತು ಹೇಳಿ." ಸ್ಕೂಟರು ಹತ್ತಿ ಹೋದೆ. ಕಬ್ಬಿಣದ ಕಂಬ, ತಂತಿಯ ಸುರುಳಿ ಹೊತ್ತ ಲಾರಿ ಹಿಂದಿನ ಚಕ್ರ ಮುಳುಗಿಸಿಕೊಂಡು, ಕೆಸರಿಗೆ ಸಿಕ್ಕ ಎಮ್ಮೆಯ ಹಾಗೆ ಕೂತಿತ್ತು. ಸ್ವಲ್ಪ ದೂರದಲ್ಲಿ ಕೇರಿಯವರೆಲ್ಲ ಗಾಳಿಮರದ ನೆರಳಲ್ಲಿ ಕೂತಿದ್ದರು.

"ನಾಲ್ಕು ಜನ ಹಗ್ಗ ಕಟ್ಟಿ ಎಳೆದರೆ ಆಗುತ್ತಲ್ಲ ಸೋಮಜ್ಜ" ಎಂದೆ.

"ಎಳದ್ರೆ ಬತ್ತದೆ" ಎಂದ ಸೋಮಜ್ಜ. "ಹಿಂದಿನ ಪಾಲೇ ಬರ್ಲಿಲ್ಲ ಮಾಸ್ತರೆ. ಪಾಲು ಕೊಡದವ್ರ ಹಗ್ಗ ನಮ್ಮಲ್ಲಿ ಮತ್ತೆ ಯಾರೂ ಹಿಡೂದಿಲ್ಲ. ಅದು ಸಿಟ್ಟಲ್ಲ, ಪದ್ಧತಿ."

ಗುರುದಾಸರು ಸಾಹೇಬರಿಗೆ ಫೋನು ಹಚ್ಚಿದರು. ಅತ್ತಲಿಂದ, ಬೇಲಿಯ ಕಾಮಗಾರಿಯನ್ನು ತಾತ್ಕಾಲಿಕವಾಗಿ ಮುಂದೂಡಲಾಗಿದೆಯೆಂದು ತಿಳಿಸಿ ಎಂಬ ಮಾತು ಬಂತು. ಗುರುದಾಸರು ತಿಳಿಸಿದರು. ಬುದವಂತಿ ಮರಳಿನಿಂದ ಏಳಲೇ ಇಲ್ಲ. "ಮುಂದೆ ಹಾಕೂದು ಅಂದ್ರೆ ಎಂತ? ನಾ ಸತ್ಮೇಲೆ ಹಾಕೂದಾ? ಬ್ಯಾಡ ಅನ್ಲಿ. ಒಂದೇ ಮಾತು. ಬ್ಯಾಡ."

ಒಂದು ತೆರೆ ಬಂದು ಲಾರಿಯ ಚಕ್ರ ನೆಕ್ಕಿ ಹೋಯಿತು. ಡ್ರೈವರು ಗಾಬರಿಯಿಂದ ಮೇಲೆ ಹತ್ತಿ ನಿಂತ. ಗುರುದಾಸರು ಫೋನಿನಲ್ಲಿ ಕನ್ನಡ ಬಿಟ್ಟರು, ಕೊಂಕಣಿ ಬಿಟ್ಟರು, ಕೊನೆಗೆ ಬರೀ ಕೈಸನ್ನೆಯಲ್ಲೇ ಸಾಹೇಬರಿಗೆ ಕಡಲನ್ನು ವಿವರಿಸತೊಡಗಿದರು. ಇನ್ನೊಂದು ತೆರೆ ಎಂಜಿನ್ನಿನ ತನಕ ಬಂತು. "ಬೇಡ!" ಎಂದು ಗುರುದಾಸರು ಕಿರುಚಿದರು. "ಬೇಲಿ ಬೇಡ! ಸಾಹೇಬ್ರೂ ಬೇಡ ಅಂದ್ರು! ದೇವರಾಣೆ ಬೇಡ!"

ಸೋಮಜ್ಜ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಕೂಗು ಎದ್ದಿತು. ಕೇರಿ ಎದ್ದಿತು. ಅದೇ ಹಗ್ಗ ಲಾರಿಗೆ ಬಿತ್ತು. ಗುರುದಾಸರೂ ಪ್ಯಾಂಟು ಮಡಚಿ ಸಾಲಿನಲ್ಲಿ ನಿಂತರು. ಬುದವಂತಿ ಅವರಿಗೆ, "ಕೈ ಹಿಂದೆ ಹಿಡೀರಾ, ಕಾಲು ಊರ್ರಾ" ಎಂದು ಕಲಿಸುತ್ತಿದ್ದಳು. ಆ ಹೊತ್ತಿಗೆ ನನಗೆ ಆದ ಆನಂದವನ್ನು ಹೇಳಿ ಪ್ರಯೋಜನವಿಲ್ಲ. ಲಾರಿ ಮೇಲೆ ಬಂದಾಗ ನಾನೂ ಕೇರಿಯ ಮಕ್ಕಳ ಜೊತೆ ಕುಣಿದೆನೆಂದು ಆಮೇಲೆ ಗುರುದಾಸರು ಕಚೇರಿಯಲ್ಲೆಲ್ಲ ಹೇಳಿದ್ದಾರೆ.

ಅಧಿಕೃತವಾಗಿ ಆ ಬೇಲಿಯ ಕಾಮಗಾರಿ ಪ್ರಗತಿಯಲ್ಲಿದೆ ಎಂದು ಕೇಳಿದ್ದೇನೆ. ಮುಂದಿನ ಡಿಸೆಂಬರಿಗೆ ಮತ್ತೆ ಅಲ್ಲೇ ಸಮಾರಂಭ ಮಾಡಲು ಜಾಗ ನೋಡಬಂದವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ವಾಪಸಾದರಂತೆ. ದಿನಾಚರಣೆ ಪುನಃ ಕಾರವಾರದ ಸಭಾಭವನಕ್ಕೆ, ಬೀಗ ಹಾಕಿದ ಶೌಚಾಲಯದ ಬ‌ಳಿಗೆ ಮರಳಿತು.

ಅದಾಗಿ ಸ್ವಲ್ಪ ದಿನಕ್ಕೆ ಬುದವಂತಿ ಮನೆ ಹುಡುಕಿಕೊಂಡು ಬಂದಳು. ಬುಟ್ಟಿಯಲ್ಲಿ ಸುತ್ತಿಟ್ಟ ಹಗ್ಗ. ಸೋಮಜ್ಜ ಹೊಸ ಹಗ್ಗ ಮಾಡಿದನಂತೆ; ಹಳೆಯದನ್ನು ಕತ್ತರಿಸಿ, ಅದನ್ನು ಹಿಡಿದವರಿಗೆಲ್ಲ ತುಂಡುತುಂಡಾಗಿ ಹಂಚಿದನಂತೆ.

"ಆವತ್ತು ನೀವೂ ಕೈ ಹಾಕಿರಿ ಅಲ್ರಾ. ನಿಮ್ಮ ಪಾಲು ಇದು. ಮೀನು ತಂದಿರೆ ನಿಮ್ಮನೇಲಿ ಗಲಾಟೆ ಆತದೆ."

ಕೂರಿಸಿ ಚಹಾ ಕೊಟ್ಟೆವು. ಜಾಗ ಹೇಗಿದೆ ಎಂದು ಕೇಳಿದೆ. ಜಾಗ ಬಲು ಚಲೋ ಆಗಿದೆಯೆಂದಳು. ಕರಿಕಲ್ಲು ಹನ್ನೊಂದಕ್ಕೆಲ್ಲ ಕಾದ ಕಾವಲಿಯಂತಾಗುತ್ತದೆ, ಅದರ ಮೇಲೆ ಹರಡಿದ ಮೀನು ಮರಳು ತಾಗದೆ ಬೇಗ ಒಣಗುತ್ತದೆ, ಪೇಟೆಯ ಜನ ಕಲ್ಲಿನ ಮೇಲಿನದ್ದೇ ಬೇಕೆಂದು ಕೇಳುತ್ತಾರೆ. ಚಹಾ ಕುಡಿದು ಮುಗಿಸಿ ಕೇಳಿದಳು, "ಅದ್ರ ಮೇಲೆ ಎಂತೆಂತದೋ ಬರ್ದಿದ್ರಲ್ರಾ ಮಾಸ್ತರೆ, ಎಂತದು ಅದು?"

ನನ್ನ ಭಾಷಣ ಎಲ್ಲಿಗೆ ಹೋಯಿತೋ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮ, ಎಲ್ಲರಿಗೂ ಮರ್ಯಾದೆಯಿಂದ ಬದುಕುವ ಹಕ್ಕಿದೆ, ಎಲ್ಲರಿಗೂ ಪಾಲಿದೆ ಎಂದು ಬರೆದಿದೆ ಎಂದೆ.

"ಹಗ್ಗ ಹಿಡ್ದವ್ರಿಗಾ?"

"ಹಿಡಿಯದವರಿಗೂ. ಕೈಲಾಗದವರಿಗೂ."

"ಹಂಗಾರೆ ನಮ್ಮ ಕಾಯ್ದೆಗಿಂತ ದೊಡ್ಡದಾತು" ಎಂದು ಒಪ್ಪಿದಳು. "ಹಂಚೂರು ಯಾರು?"

ಮುಂದಿನ ಹೆಸರು ಕೂಗಲು ತಿಳಿಯದೆ ನಿರೂಪಕನೊಬ್ಬ ನಿಂತುಬಿಟ್ಟರೆ ಹೇಗಿರುತ್ತದೋ ಹಾಗೆ ನಿಂತೆ. ನನ್ನ ಅವಸ್ಥೆ ಕಂಡು ಅವಳೇ ಎದ್ದು, "ಬರ್ರಾ, ಇದನ್ನ ಕಟ್ಟುವಾ" ಎಂದಳು. ಹಿತ್ತಲಿಗೆ ಹೋದೆವು. ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು. ನುಗ್ಗೆಮರಕ್ಕೆ ಅವಳು ಹಾಕಿದ ಗಂಟು ಇವತ್ತಿನವರೆಗೂ ಸಡಿಲವಾಗಿಲ್ಲ. ಬಾವಿಯ ಕಂಬದ ನನ್ನ ಗಂಟನ್ನು ಮಳೆಗಾಲಕ್ಕೊಮ್ಮೆ ಬಿಗಿಯಬೇಕು. ಕಟ್ಟಿ ಮುಗಿದ ಕೂಡಲೇ ಅವಳು ಬಾವಿಕಟ್ಟೆಯ ಪಕ್ಕ ನೆಲದ ಮೇಲೆ ಕೂತಳು.

"ನಾನೂ ಹಗ್ಗ ಹಿಡ್ದೆ ಅಲ್ರಾ ಮಾಸ್ತರೆ. ನನ್ನ ಪಾಲು?"

ಆವತ್ತು ಮನೆಯಲ್ಲಿ ಶೇಂಗಾ ಬೇಯಿಸಿದ್ದರು. ನನಗೆ ಮೈಯೆಲ್ಲ ಹಿಗ್ಗಿತು. ಒಳಗೆ ಓಡಿಹೋಗಿ, ಬಾಣಲೆಯಿಂದ ಒಂದು ಮುಷ್ಟಿ ಶೇಂಗಾ ತಂದು ಅವಳ ಸೆರಗಿಗೆ ಹಾಕಿ, ಹಳೆಯ ಬಾಕಿಯೆಲ್ಲ ತೀರಿತೆಂಬಂತೆ ನಿಂತೆ. ಬುದವಂತಿ ಸೆರಗು ನೋಡಿದಳು, ನನ್ನ ಕೈ ನೋಡಿದಳು.

"ನಾ ಬೊಗಸೆ ತುಂಬ ಕೊಡ್ತಿದ್ದೆ" ಎಂದಳು. "ಹಂಚೂಕೆ ನಿಂತ್ರೆ ಎಲ್ರ ಕೈಯೂ ಸಣ್ಣ ಆತದ್ಯಾ ಮಾಸ್ತರೆ?"

ಒಳಗೆ ಹೋಗಿ ಬಾಣಲೆಯನ್ನೇ ಎತ್ತಿಕೊಂಡು ಬಂದೆ.